ಕಾಲುವೆ ನೀರಾವರಿಯ ಊರಿನಲ್ಲಿ ಹಳ್ಳವನ್ನು ಉಳಿಸಿಕೊಳ್ಳುವುದು ಹೇಗೆ? ತುಂಗಭದ್ರಾ ಎಡದಂಡೆ ಭಾಗದವರ ಸಲಹೆ ಬೇಕು

ಪ್ರಶ್ನೆ: ಕಾರಟಗಿ ಕಡೆಯ ರೈತ

ಎಲ್ಲರಿಗೂ ನಮಸ್ಕಾರ. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆಯ ಅಚ್ಚುಕಟ್ಟಿನಲ್ಲಿ, ಕಾರಟಗಿ ತಾಲ್ಲೂಕಿನಲ್ಲಿ ನಮ್ಮ ಊರಿದೆ. ಊರಿನ ಮಗ್ಗುಲಲ್ಲೇ ಒಂದು ಹಳ್ಳ ಹರಿದು ಮುಂದೆ ಹೊಳೆ ಸೇರುತ್ತದೆ. ಕಾಲುವೆ ಬರುವುದಕ್ಕೆ ಮೊದಲು ಈ ಹಳ್ಳ ಮಳೆಗಾಲದಲ್ಲಿ ತುಂಬಿ ಹರಿದು ಬೇಸಿಗೆಯಲ್ಲಿ ಬತ್ತುತ್ತಿತ್ತೆಂದೂ, ಬತ್ತಿದಾಗ ಮರಳಿನಲ್ಲಿ ಒರತೆ ತೋಡಿ ಊರವರು ಕುಡಿಯುವ ನೀರನ್ನು ತರುತ್ತಿದ್ದರೆಂದೂ ನಮ್ಮ ಅಜ್ಜ ಹೇಳುತ್ತಿದ್ದರು. ಈಗ ವರ್ಷದ ಬಹುಪಾಲು ತಿಂಗಳು ಹಳ್ಳದಲ್ಲಿ ನೀರಿದೆ, ಆದರೆ ದನಕರುಗಳು ಅದಕ್ಕೆ ಬಾಯಿ ಹಾಕುವುದಿಲ್ಲ.

ಭತ್ತದ ಗದ್ದೆಗಳ ಬಸಿಗಾಲುವೆ ಹಳ್ಳಕ್ಕೆ ಬಂದು ಬೀಳುವ ಜಾಗವನ್ನು ನೋಡಿದರೆ ಎಲ್ಲವೂ ಅರ್ಥವಾಗುತ್ತದೆ. ಯೂರಿಯಾ ಎರಚಿದ ಕೆಲವು ದಿನಗಳಲ್ಲಿ ಅಲ್ಲಿ ನೀರಿನ ಮೇಲೆ ದಪ್ಪನೆಯ ಹಸಿರು ಪದರ ಕಟ್ಟುತ್ತದೆ. ಆಪಿನ (ಜೊಂಡು ಹುಲ್ಲಿನ) ಬುಡಗಳಲ್ಲಿ ಕೀಟನಾಶಕದ ಖಾಲಿ ಡಬ್ಬಿಗಳು ಸಿಕ್ಕಿಕೊಂಡಿರುತ್ತವೆ. ನೀರು ಇಳಿದ ಮೇಲೆ ದಂಡೆಯ ಕರಿಮಣ್ಣಿನ ಮೇಲೆ ಸುಣ್ಣ ಬಳಿದಂತೆ ಬಿಳಿಯ ಉಪ್ಪು ಉಳಿಯುತ್ತದೆ. ಸ್ವಲ್ಪ ಕೆಳಗೆ ಊರಿನ ಚರಂಡಿಯೂ ಬಂದು ಸೇರುತ್ತದೆ. ಅಲ್ಲಿಂದ ಮುಂದಕ್ಕೆ ಅಂತರಗಂಗೆ, ಎರಡೂ ದಂಡೆಯಲ್ಲಿ ಬಳ್ಳಾರಿ ಜಾಲಿ. ಹಳ್ಳದ ಅಗಲ ಗ್ರಾಮ ನಕಾಶೆಯಲ್ಲಿರುವುದಕ್ಕಿಂತ ಬಹಳ ಕಡಿಮೆಯಾಗಿದೆ, ಏಕೆಂದರೆ ಎರಡೂ ಕಡೆಯ ಗದ್ದೆಗಳ ಬದುಗಳು ವರ್ಷದಿಂದ ವರ್ಷಕ್ಕೆ ಒಳಕ್ಕೆ ಸರಿದಿವೆ.

ಕೊಪ್ಪಳದಲ್ಲಿ 2019ರಲ್ಲಿ ಹಿರೇಹಳ್ಳವನ್ನು ಜನರೇ ಸೇರಿ ಸ್ವಚ್ಛಗೊಳಿಸಿದ್ದನ್ನು ಕಂಡವರು ನಮ್ಮಲ್ಲಿ ಹಲವರಿದ್ದಾರೆ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆಯ ಸುದ್ದಿಯೂ ಊರಿನಲ್ಲಿ ಚರ್ಚೆಯಾಗಿದೆ. ಈ ಉತ್ಸಾಹದಲ್ಲಿ ಯುವಕ ಸಂಘದವರು ಮನೆಮನೆಗೆ ಪಟ್ಟಿ ಹಾಕಿ, ಜೆಸಿಬಿ ತರಿಸಿ ಹೂಳೆತ್ತಿಸೋಣ ಎನ್ನುತ್ತಿದ್ದಾರೆ. ಅವರ ಹುರುಪನ್ನು ತಣ್ಣಗಾಗಿಸಲು ನನಗೆ ಮನಸ್ಸಿಲ್ಲ. ಆದರೂ, ಒಂದು ಬೆಳೆ ಮುಗಿಯುವಷ್ಟರಲ್ಲಿ ಹಳ್ಳ ಮತ್ತೆ ಹೀಗೆಯೇ ಆದರೆ ಊರಿನವರು ಇನ್ನೊಮ್ಮೆ ಹಣ ಕೊಡಲಾರರು. ಇಂತಹ ಕೆಲಸದಲ್ಲಿ ತೊಡಗಿದವರು, ನೀರಾವರಿಯನ್ನು ಒಳಗಿನಿಂದ ಬಲ್ಲವರು, ಎಲ್ಲಿಂದ ಆರಂಭಿಸಬೇಕೆಂದು ದಯವಿಟ್ಟು ತಿಳಿಸಬೇಕು.

ಉತ್ತರ: ಕೊಪ್ಪಳದ ಶಿಕ್ಷಕಿ

ಸರ್, ನಮಸ್ಕಾರ. ಹಿರೇಹಳ್ಳದ ಕೆಲಸವನ್ನು ಹತ್ತಿರದಿಂದ ನೋಡಿದವಳಾಗಿ ಬರೆಯುತ್ತಿದ್ದೇನೆ. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ತಾವೇ ಹಳ್ಳಕ್ಕೆ ಇಳಿದು ಕಸ ಎತ್ತಲು ನಿಂತಾಗ ದಂಡೆಯ ಮೇಲೆ ನಿಂತು ನೋಡುವುದು ಯಾರಿಗೂ ಸಾಧ್ಯವಾಗಲಿಲ್ಲ. ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದದ ಹಳ್ಳದಲ್ಲಿ ಜಾಲಿ ಕಿತ್ತು ಹೂಳು ತೆಗೆದದ್ದು ಒಂದು ದೊಡ್ಡ ಕೆಲಸ. ಯಂತ್ರವಿದ್ದವರು ಯಂತ್ರ ತಂದರು, ಕೆಲವರು ಡೀಸೆಲ್ಲಿಗೆ ಹಣ ಕೊಟ್ಟರು, ಹಳ್ಳಿಗಳ ಹೆಣ್ಣುಮಕ್ಕಳು ರೊಟ್ಟಿಬುತ್ತಿ ಕಟ್ಟಿಕೊಂಡು ಬಂದರು. ಅದರ ಫಲ ಆ ಹಳ್ಳಕ್ಕಷ್ಟೇ ನಿಲ್ಲಲಿಲ್ಲ. ಕುಷ್ಟಗಿಯ ನಿಡಶೇಸಿ ಕೆರೆ, ಕೊಪ್ಪಳ ಬಳಿಯ ಗಿಣಿಗೇರಿ ಕೆರೆಗಳ ಹೂಳೆತ್ತುವ ಕೆಲಸಕ್ಕೂ ಜನ ಅದೇ ರೀತಿ ಕೈಜೋಡಿಸಿದರು.

ಆದ್ದರಿಂದ ಯುವಕ ಸಂಘದವರನ್ನು ತಡೆಯಬೇಡಿ ಎಂಬುದು ನನ್ನ ಮೊದಲ ಮಾತು. ನೀರಿನ ಲೆಕ್ಕ, ಗೊಬ್ಬರದ ಲೆಕ್ಕ ಇವೆಲ್ಲ ಸಭೆಯಲ್ಲಿ ಹೇಳಿದರೆ ಜನ ತಲೆಯಾಡಿಸಿ ಎದ್ದು ಹೋಗುತ್ತಾರೆ. ಕೈಯಲ್ಲಿ ಸಲಿಕೆ ಹಿಡಿದು ಒಂದು ದಿನ ಹಳ್ಳದಲ್ಲಿ ನಿಂತವನಿಗೆ ಮಾತ್ರ ಅದು ತನ್ನದೆಂಬ ಭಾವನೆ ಹುಟ್ಟುತ್ತದೆ. ಆದರೆ ಒಂದು ವ್ಯತ್ಯಾಸವನ್ನು ನೀವು ಗಮನಿಸಬೇಕು. ಒಬ್ಬ ಪೂಜ್ಯರ ಮಾತಿಗೆ ಇಡೀ ಜಿಲ್ಲೆ ಓಗೊಟ್ಟಾಗ ಆಗುವ ಕೆಲಸವನ್ನು ಒಂದು ಊರಿನ ಸಂಘ ಅದೇ ಅಳತೆಯಲ್ಲಿ ಮಾಡಲು ಹೋದರೆ ದಣಿಯುತ್ತದೆ. ನಿಮ್ಮ ಊರಿನ ಎಲ್ಲೆಯೊಳಗೆ, ಚರಂಡಿ ಸೇರುವ ಜಾಗದಿಂದ ಹಳ್ಳ ದಾಟುವ ದಾರಿಯವರೆಗಿನ ತುಂಡನ್ನಷ್ಟೇ ಮೊದಲು ಕೈಗೆತ್ತಿಕೊಳ್ಳಿ.

ಇನ್ನೊಂದು ವಿಷಯ. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಗಾಗಿ ದೇಶದಲ್ಲಿ ಆದ ಮೊದಲ ಘೋಷಣೆಯದು. ಇದನ್ನು ಶಾಲೆಯಲ್ಲಿ ಹೇಳಿದ ಮೇಲೆ ನಮ್ಮ ಮಕ್ಕಳು ಮನೆಯಲ್ಲಿ ಮದ್ದು ಸಿಡಿಸಿ ಮೀನು ಹಿಡಿಯುವುದರ ಬಗ್ಗೆ ಜಗಳ ತೆಗೆದರು. ನಿಮ್ಮ ಊರಿನ ಶಾಲೆಯ ಮಕ್ಕಳು ತಿಂಗಳಿಗೊಮ್ಮೆ ಹಳ್ಳದ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು, ಬಣ್ಣ, ವಾಸನೆ, ಕಂಡ ಮೀನು, ಕಪ್ಪೆ, ಹಕ್ಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ವರ್ಷದ ಕೊನೆಗೆ ಗ್ರಾಮಸಭೆಯ ಮುಂದೆ ಇಡಲು ಅದಕ್ಕಿಂತ ಒಳ್ಳೆಯ ದಾಖಲೆ ನಿಮಗೆ ಸಿಗುವುದಿಲ್ಲ.

ಉತ್ತರ: ನಿವೃತ್ತ ನೀರಾವರಿ ಎಂಜಿನಿಯರ್

ಮೇಡಂ ಹೇಳಿದ್ದನ್ನು ಗೌರವದಿಂದ ಒಪ್ಪುತ್ತೇನೆ, ಆದರೆ ಪ್ರಶ್ನೆ ಕೇಳಿದ ರೈತರ ಹಳ್ಳಕ್ಕೂ ಹಿರೇಹಳ್ಳಕ್ಕೂ ಇರುವ ಭೇದವನ್ನು ಬಿಡಿಸಿ ಹೇಳಲೇಬೇಕು. ಹಿರೇಹಳ್ಳದ ತೊಂದರೆ ಹೆಚ್ಚಾಗಿ ಜಾಲಿ, ಹೂಳು, ಕಸ ಮತ್ತು ಒತ್ತುವರಿಯದಾಗಿತ್ತು. ಕಾರಟಗಿ, ಗಂಗಾವತಿ, ಸಿಂಧನೂರು ಭಾಗದ ಹಳ್ಳಗಳಲ್ಲಿ ಈಗ ಹರಿಯುತ್ತಿರುವುದು ಬಹುಮಟ್ಟಿಗೆ ಕಾಲುವೆಯ ನೀರೇ. ಅದು ಭತ್ತದ ಗದ್ದೆಗಳನ್ನು ಹಾದು, ಗೊಬ್ಬರ, ಔಷಧಿ ಮತ್ತು ಮಣ್ಣಿನ ಉಪ್ಪನ್ನು ಹೊತ್ತುಕೊಂಡು ಬಸಿದು ಬಂದದ್ದು. ಬರುವ ನೀರು ಇದೇ ಆಗಿರುವವರೆಗೆ ಹಳ್ಳದ ತಳವನ್ನು ಎಷ್ಟು ಆಳಕ್ಕೆ ಕೆರೆದರೂ ಆಪು ಮತ್ತೆ ಬೆಳೆಯುತ್ತದೆ. ಆಪಿಗೆ ಬೇಕಾದ ಆಹಾರವನ್ನು ನಾವೇ ಚೀಲಗಟ್ಟಲೆ ಕಳಿಸುತ್ತಿದ್ದೇವೆ.

ಇದು ಹೇಗಾಯಿತೆಂದು ತಿಳಿದರೆ ದಾರಿಯೂ ಕಾಣುತ್ತದೆ. 1953ರಲ್ಲಿ ನೀರು ಬಿಟ್ಟ ಈ ಯೋಜನೆಯನ್ನು ರೂಪಿಸಿದವರ ಉದ್ದೇಶ ರಕ್ಷಣಾತ್ಮಕ ನೀರಾವರಿ. ಬರಕ್ಕೆ ಸಿಕ್ಕುವ ಈ ನಾಡಿನಲ್ಲಿ ಜೋಳ, ಹತ್ತಿ, ಶೇಂಗಾದಂತಹ ಬೆಳೆಗಳಿಗೆ ಮಳೆ ಕೈಕೊಟ್ಟಾಗ ಒಂದೆರಡು ನೀರು ಕೊಟ್ಟು, ಹೆಚ್ಚು ಊರುಗಳ ಹೆಚ್ಚು ಹೊಲಗಳನ್ನು ಕಾಪಾಡುವುದು ಅವರ ಲೆಕ್ಕ. ಎಡದಂಡೆ ಕಾಲುವೆಯನ್ನು ಇನ್ನೂರು ಕಿಲೋಮೀಟರಿಗೂ ಮಿಕ್ಕಿ ರಾಯಚೂರಿನತ್ತ ಒಯ್ದದ್ದೂ ಅದಕ್ಕಾಗಿಯೇ, ಭತ್ತಕ್ಕೆ ಅಲ್ಪ ಭಾಗವನ್ನಷ್ಟೇ ಗೊತ್ತುಮಾಡಿದ್ದೂ ಅದಕ್ಕಾಗಿಯೇ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ನೀರು ಮೊದಲು ಕೈಗೆ ಸಿಗುತ್ತದೆ, ಸೋನಾ ಮಸೂರಿಗೆ ಮಾರುಕಟ್ಟೆಯಿದೆ, ಅಕ್ಕಿ ಗಿರಣಿಗಳು ಬೆಳೆದು ನಿಂತಿವೆ. ಹೀಗಾಗಿ ಮುಂಗಾರಿಗೂ ಬೇಸಿಗೆಗೂ ಭತ್ತವೇ ಆಯಿತು. ಇದಕ್ಕೆ ನಾನು ರೈತರನ್ನು ದೂಷಿಸುವುದಿಲ್ಲ. ಸಾಲ ತೀರಿಸುವ ಬೆಳೆಯನ್ನು ಬಿಟ್ಟು ಸಾಲ ತರುವ ಬೆಳೆಯನ್ನು ಯಾರು ಬೆಳೆದಾರು? ಆದರೆ ಕಪ್ಪು ಮಣ್ಣಿನಲ್ಲಿ ವರ್ಷವಿಡೀ ನೀರು ನಿಲ್ಲಿಸಿದ್ದರ ಬೆಲೆಯನ್ನು ತಗ್ಗಿನ ಹೊಲಗಳು ಉಪ್ಪೇರಿ ಸವಳಾಗಿ ತೆತ್ತಿವೆ, ಹಳ್ಳಗಳು ಬಸಿಗಾಲುವೆಗಳಾಗಿ ತೆತ್ತಿವೆ. ಹೂಳಿನಿಂದಾಗಿ ಜಲಾಶಯದ ಸಂಗ್ರಹ ಸಾಮರ್ಥ್ಯವೂ ಮೊದಲಿನ ಸುಮಾರು 133 ಟಿಎಂಸಿಯಿಂದ 105.788 ಟಿಎಂಸಿಗೆ ಇಳಿದಿರುವಾಗ, ಹೀಗೆ ಹರಿದುಹೋಗುವ ಪ್ರತಿಯೊಂದು ಹನಿಯೂ ಮತ್ತೊಬ್ಬರ ಪಾಲಿನದು.

ಆದ್ದರಿಂದ ನೀವು ಮೊದಲು ಕರೆಯಬೇಕಾದದ್ದು ಜೆಸಿಬಿಯವರನ್ನಲ್ಲ, ನಿಮ್ಮ ಉಪಕಾಲುವೆಯ ನೀರು ಬಳಕೆದಾರರ ಸಹಕಾರ ಸಂಘದವರನ್ನು. 1965ರ ಕರ್ನಾಟಕ ನೀರಾವರಿ ಕಾಯಿದೆಗೆ 2000ದಲ್ಲಿ ಆದ ತಿದ್ದುಪಡಿಯಿಂದ ಈ ಸಂಘಗಳಿಗೆ ಕಾನೂನಿನ ಬಲ ಬಂದಿದೆ. ಬಹಳ ಕಡೆ ಅವು ಹೆಸರಿಗಷ್ಟೇ ಇವೆಯಾದರೂ, ಹೆಸರಿಗಿರುವ ಸಂಘವನ್ನು ಎಬ್ಬಿಸಿ ನಿಲ್ಲಿಸುವುದು ಹೊಸದನ್ನು ಕಟ್ಟುವುದಕ್ಕಿಂತ ಸುಲಭ. ಹಳ್ಳದ ಅಂಚಿಗಿರುವ ತೂಬುಗಳಲ್ಲಿ ರಾತ್ರಿಯಿಡೀ ನೀರು ಹರಿಯದಂತೆ ವಾರಾಬಂದಿ (ಸರದಿಯ ಪ್ರಕಾರ ನೀರು ಹಂಚಿಕೆ) ಮಾಡುವುದು, ಗೊಬ್ಬರ ಎರಚಿದ ಮೇಲೆ ಗದ್ದೆಯ ಮಡೆಯನ್ನು ಕೆಲವು ದಿನ ಕಟ್ಟಿ ನೀರು ಹೊರಹೋಗದಂತೆ ನೋಡಿಕೊಳ್ಳುವುದು, ಆಸಕ್ತಿಯಿರುವವರು ಒಂದಷ್ಟು ಜಮೀನಿನಲ್ಲಿ ನಾಟಿ ಮಾಡದೆ ಕೂರಿಗೆಯಿಂದ ನೇರವಾಗಿ ಭತ್ತ ಬಿತ್ತಿ ನೋಡುವುದು, ಇಷ್ಟು ಆದರೂ ಬಸಿನೀರಿನಲ್ಲಿ ವ್ಯತ್ಯಾಸ ಕಾಣುತ್ತದೆ. ನನ್ನ ಅನುಭವದಲ್ಲಿ ಮಡೆ ಕಟ್ಟುವ ಮಾತನ್ನು ರೈತರು ಬೇಗ ಒಪ್ಪುತ್ತಾರೆ, ಏಕೆಂದರೆ ಹರಿದುಹೋಗುವ ಯೂರಿಯಾ ಅವರದೇ ದುಡ್ಡು.

ಹಳ್ಳದ ಎಲ್ಲೆಯ ವಿಷಯ. ಪಹಣಿಯಲ್ಲಿ ಮತ್ತು ನಕಾಶೆಯಲ್ಲಿ ಬಿ ಖರಾಬು ಎಂದು ತೋರಿಸಿರುವ ಹಳ್ಳದ ಜಾಗ ಸಾರ್ವಜನಿಕರದು. ಗ್ರಾಮ ಪಂಚಾಯಿತಿಯಿಂದ ಠರಾವು ಮಾಡಿಸಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟು, ಭೂಮಾಪಕರಿಂದ ಅಳತೆ ಮಾಡಿಸಿ ಕಲ್ಲು ನೆಡಿಸಿ. ಅಳತೆಗೆ ಮೊದಲು ಯಂತ್ರ ಇಳಿಸಿದರೆ ಜಗಳ ಖಂಡಿತ. ಆ ಜಗಳದಲ್ಲಿ ಹಳ್ಳದ ವಿಷಯವೇ ಮರೆತುಹೋಗುತ್ತದೆ. ಯಂತ್ರ ಇಳಿದ ಮೇಲೂ ಚಾಲಕನಿಗೆ ಕೆಲಸ ಒಪ್ಪಿಸಿ ಮನೆಗೆ ಹೋಗಬೇಡಿ. ಅವನು ಹಳ್ಳವನ್ನು ಕಾಲುವೆಯಂತೆ ನೇರವಾಗಿ, ಸಮತಟ್ಟಾಗಿ ಕೊರೆದು ಬಿಡುತ್ತಾನೆ. ಮಡುಗಳು ಮಡುಗಳಾಗಿಯೇ ಉಳಿಯಬೇಕು. ತಿರುವುಗಳಲ್ಲಿ ಬೇರು ಬಿಟ್ಟಿರುವ ಲಕ್ಕಿ, ಹೊಂಗೆ, ಹುಲ್ಲು ಇವನ್ನು ಮುಟ್ಟಬಾರದು. ಜಾಲಿಯನ್ನು ಮಾತ್ರ ಬುಡಸಮೇತ ತೆಗೆಸಿ.

ಉತ್ತರ: ಜಲಂಧರದಲ್ಲಿರುವ ಬಳ್ಳಾರಿಯವ

ನೌಕರಿಯ ನಿಮಿತ್ತ ಪಂಜಾಬಿನಲ್ಲಿದ್ದೇನೆ. ನಮ್ಮ ತುಂಗಭದ್ರಾ ಭಾಗದ ಹಾಗೆಯೇ ಇದು ಕಾಲುವೆ ಮತ್ತು ಭತ್ತದ ನಾಡು. ಇಲ್ಲಿ ಕಾಲಿ ಬೇಈಂ ಎಂಬ ಚಿಕ್ಕ ನದಿಯೊಂದಿದೆ. ಹೋಷಿಯಾರ್‌ಪುರ ಜಿಲ್ಲೆಯಲ್ಲಿ ಹುಟ್ಟಿ, ಸುಮಾರು 160 ಕಿಲೋಮೀಟರ್ ಹರಿದು, ಬಿಯಾಸ್ ಮತ್ತು ಸಟ್ಲೆಜ್ ಕೂಡುವ ಹರಿಕೆಯ ಬಳಿ ಕೊನೆಗೊಳ್ಳುತ್ತದೆ. ಸುಲ್ತಾನ್‌ಪುರ ಲೋಧಿಯಲ್ಲಿ ಗುರು ನಾನಕರಿಗೆ ಜ್ಞಾನೋದಯವಾದದ್ದು ಈ ನದಿಯಲ್ಲಿ ಮಿಂದಾಗ ಎಂಬುದು ಸಿಖ್ಖರ ನಂಬಿಕೆ. ಅಷ್ಟು ಪವಿತ್ರವಾದ ನದಿಯೂ ಪಟ್ಟಣಗಳ ಮತ್ತು ಹಳ್ಳಿಗಳ ಕೊಳಚೆಯಿಂದ, ಅಂತರಗಂಗೆಯಿಂದ, ಒತ್ತುವರಿಯಿಂದ ಗಟಾರವಾಗಿತ್ತು. ಕೆಲವು ಕಡೆಗಳಲ್ಲಿ ಪೂರ್ತಿ ಒಣಗಿತ್ತು.

2000ದಲ್ಲಿ ಸಂತ ಬಲಬೀರ್ ಸಿಂಗ್ ಸೀಚೆವಾಲ್ ಅವರು ಜನರನ್ನು ಕಟ್ಟಿಕೊಂಡು ನದಿಗೆ ಇಳಿದರು. ಕಾರಸೇವೆಯ (ಕೂಲಿಯಿಲ್ಲದೆ ಭಕ್ತಿಯಿಂದ ದುಡಿಯುವ) ಸಂಪ್ರದಾಯ ಇಲ್ಲಿ ಗಟ್ಟಿಯಾಗಿರುವುದರಿಂದ ಜನ ಕೈಯಿಂದಲೇ ಕಳೆ ಕಿತ್ತರು, ದಂಡೆ ಕಟ್ಟಿದರು, ಸ್ನಾನಘಟ್ಟಗಳನ್ನು ಮಾಡಿದರು. ಇದುವರೆಗಿನದು ಮೇಡಂ ಬರೆದ ಹಿರೇಹಳ್ಳದ ಕತೆಯನ್ನೇ ಹೋಲುತ್ತದೆ. ಆದರೆ ಅವರು ಅಲ್ಲಿಗೇ ನಿಲ್ಲಿಸದೆ ಇನ್ನೆರಡು ಕೆಲಸ ಹಿಡಿದರು. ಮುಕೇರಿಯಾಂ ಜಲವಿದ್ಯುತ್ ಕಾಲುವೆಯಿಂದ ನದಿಗೆ ನೀರು ಬಿಡಿಸಿಕೊಳ್ಳಲು ಸರ್ಕಾರದ ಬೆನ್ನು ಹತ್ತಿದ್ದು ಒಂದು. ಸೀಚೆವಾಲ್ ಗ್ರಾಮದ ಕೊಳಚೆ ನೀರನ್ನು ನೆಲದಡಿಯ ಕೊಳವೆಗಳಲ್ಲಿ ಒಂದೆಡೆಗೆ ತಂದು, ಬಾವಿಯಂತಹ ಗುಂಡಿಗಳಲ್ಲಿ ಮರಳು ಮತ್ತು ತೇಲುವ ಕಸವನ್ನು ಬೇರ್ಪಡಿಸಿ, ತೆರೆದ ಹೊಂಡದಲ್ಲಿ ಬಿಸಿಲಿಗೆ ನಿಲ್ಲಿಸಿ, ಬಳಿಕ ಪಂಪಿನಿಂದ ಹೊಲಗಳಿಗೆ ಹರಿಸಿದ್ದು ಇನ್ನೊಂದು. ಇದರಲ್ಲಿ ದುಬಾರಿ ಯಂತ್ರವೇನೂ ಇಲ್ಲ. ರೈತನಿಗೆ ನೀರಿನ ಜೊತೆ ಗೊಬ್ಬರದ ಸತ್ವವೂ ಸಿಗುವುದರಿಂದ ಅವನೇ ಆ ವ್ಯವಸ್ಥೆಯನ್ನು ಕಾಯುತ್ತಾನೆ. 2006ರಲ್ಲಿ ರಾಷ್ಟ್ರಪತಿಗಳಾಗಿದ್ದ ಅಬ್ದುಲ್ ಕಲಾಂ ಅವರು ಈ ಕೆಲಸವನ್ನು ನೋಡಲೆಂದೇ ಇಲ್ಲಿಗೆ ಬಂದಿದ್ದರು. ಸೀಚೆವಾಲ್ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು.

ಇಷ್ಟೆಲ್ಲ ಆದ ಮೇಲೂ, ಕಾಲುವೆಯಿಂದ ಬರುವ ನೀರು ಕಡಿಮೆಯಾಗಿ ಮೇಲಿನ ಊರುಗಳ ಕೊಳಚೆ ಒಳಬಂದ ವರ್ಷಗಳಲ್ಲಿ ಸುಲ್ತಾನ್‌ಪುರ ಲೋಧಿಯ ಬಳಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿವೆ. ನದಿಯ ಉದ್ದಕ್ಕೂ ಇರುವ ಎಲ್ಲ ಊರುಗಳೂ ಒಂದೇ ಮನಸ್ಸಿನಿಂದ ಕೊಳಚೆಯನ್ನು ತಡೆಯುವವರೆಗೆ ಇದು ನಿಲ್ಲುವುದಿಲ್ಲ. ನಿಮ್ಮ ಊರಿನ ಚರಂಡಿ ನಿಮ್ಮ ಕೈಯಲ್ಲಿದೆ. ಅದನ್ನು ಹಳ್ಳಕ್ಕೆ ಸೇರುವ ಮೊದಲೇ ಹೊಂಡಕ್ಕೆ ತಿರುಗಿಸುವುದರಿಂದ ಆರಂಭಿಸಿದರೆ, ಮೇಲಿನ ಊರಿನವರನ್ನು ಕೇಳುವ ನೈತಿಕ ಹಕ್ಕು ನಿಮಗೆ ಬರುತ್ತದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಕಾರಟಗಿ ಕಡೆಯ ರೈತ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಉತ್ತರಗಳನ್ನು ಯುವಕ ಸಂಘದ ಸಭೆಯಲ್ಲಿ ಓದಿ ಹೇಳಿದೆ. ಚರಂಡಿಯನ್ನು ತಿರುಗಿಸಲು ಪಂಚಾಯಿತಿ ಸದಸ್ಯರು ಒಪ್ಪಿದ್ದಾರೆ, ಹೊಂಡಕ್ಕೆ ಗಾಂವಠಾಣದ ಜಾಗವನ್ನೂ ತೋರಿಸಿದ್ದಾರೆ. ಮಡೆ ಕಟ್ಟುವ ಮಾತಿಗೂ ವಿರೋಧ ಬರಲಿಲ್ಲ. ವಾರಾಬಂದಿಯ ಮಾತೆತ್ತಿದಾಗ ಮಾತ್ರ ಸಭೆ ಎರಡು ಪಾಲಾಯಿತು. "ನಾವು ತೂಬು ಮುಚ್ಚಿದರೆ ಆ ನೀರನ್ನು ಮುಂದಿನವನು ಪಂಪು ಹಚ್ಚಿ ಎಳೆದುಕೊಳ್ಳುತ್ತಾನೆ, ನಮಗೇನು ಬಂತು?" ಎಂದು ಹಿರಿಯರೊಬ್ಬರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹೂಳನ್ನು ಹೊಲಗಳಿಗೆ ಒಯ್ಯಲು ಹಲವರು ಈಗಲೇ ಟ್ರ್ಯಾಕ್ಟರ್ ಸಿದ್ಧ ಮಾಡಿಕೊಂಡಿದ್ದಾರೆ. ಇದರಲ್ಲಿ ತೊಂದರೆಯೇನಾದರೂ ಇದೆಯೇ?

ಉತ್ತರ: ಮಾನ್ವಿಯ ರೈತ ಮಹಿಳೆ

ಅಣ್ಣಾವ್ರೇ, ನಿಮ್ಮ ಊರಿನ ಹಿರಿಯರ ಪ್ರಶ್ನೆಗೆ ಕಾಲುವೆಯ ಕೊನೆ ಭಾಗದವಳಾಗಿ ನಾನು ಉತ್ತರಿಸುತ್ತೇನೆ. ನಮ್ಮ ಕಡೆಗೆ ಕಾಲುವೆಯ ನೀರು ಬರುವುದೇ ಹೋರಾಟದಿಂದ. ಪ್ರತಿ ಬೆಳೆಗೂ ಕಾಲುವೆಯ ಗೇಜು (ನೀರಿನ ಮಟ್ಟ) ಇಳಿಯಿತೆಂದು ರಸ್ತೆಗಿಳಿಯುತ್ತೇವೆ, ರಾತ್ರಿ ಪಾಳಿಯಲ್ಲಿ ನಮ್ಮ ಗಂಡಸರು ಕಾಲುವೆ ಕಾಯಲು ಹೋಗುತ್ತಾರೆ. ಕಾಲುವೆಯಲ್ಲಿ ಬಾರದಿದ್ದಾಗ ನಾವು ಹಳ್ಳಕ್ಕೆ ಪಂಪು ಇಳಿಸುತ್ತೇವೆ. ಆ ಹಳ್ಳದಲ್ಲಿರುವುದು ಮೇಲಿನ ಊರುಗಳ ಗದ್ದೆಗಳನ್ನು ತೊಳೆದುಕೊಂಡು ಬಂದ ನೀರು. ಬೆಳೆಗೆ ಅದನ್ನೇ ಬಿಡುತ್ತೇವೆ, ಬಟ್ಟೆಯನ್ನು ಅದರಲ್ಲೇ ಒಗೆಯುತ್ತೇವೆ. ನಾಟಿಗೆ ಹೋದ ಹೆಣ್ಣುಮಕ್ಕಳ ಕಾಲ್ಬೆರಳ ಸಂದಿಗಳು ಕೆಂಪಾಗಿ ತುರಿಸುವುದನ್ನು ನಮ್ಮ ಓಣಿಯಲ್ಲಿ ಯಾವ ಮನೆಯಲ್ಲಾದರೂ ನೋಡಬಹುದು.

ನೀವು ತೂಬು ಮುಚ್ಚಿ ಉಳಿಸಿದ ನೀರು ಮೇಲ್ಭಾಗದಲ್ಲೇ ಇನ್ನಷ್ಟು ಭತ್ತಕ್ಕೆ ಹೋದರೆ ಹಿರಿಯರ ಮಾತೇ ನಿಜವಾಗುತ್ತದೆ, ನಿಮ್ಮ ಹಳ್ಳಕ್ಕೂ ನಮ್ಮ ಹೊಲಕ್ಕೂ ಯಾವ ಪ್ರಯೋಜನವೂ ಆಗುವುದಿಲ್ಲ. ಅದಕ್ಕಾಗಿ ನಿಮ್ಮ ಊರು ಒಂದೇ ಈ ತೀರ್ಮಾನ ಮಾಡಬಾರದು. ಉಪಕಾಲುವೆಯ ತಲೆಯಿಂದ ಕೊನೆಯವರೆಗಿನ ಎಲ್ಲ ಸಂಘಗಳನ್ನೂ ಒಂದೇ ಸಭೆಗೆ ಕರೆದು, ಗ್ಯಾಂಗ್‌ಮನ್‌ಗಳನ್ನೂ ಕೂರಿಸಿಕೊಂಡು, ಯಾವ ದಿನ ಯಾವ ತೂಬು ಎಂಬುದನ್ನು ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸಿ. ಕೊನೆ ಭಾಗದವರು ಬಂದು ನೋಡಲಿ. ನಮಗೆ ಶುದ್ಧವಾದ ಕಾಲುವೆ ನೀರು ನ್ಯಾಯವಾಗಿ ಸಿಕ್ಕರೆ ಹಳ್ಳಕ್ಕೆ ಪಂಪು ಹಚ್ಚುವ ದುರ್ಗತಿ ನಮಗಿಲ್ಲ, ಹಳ್ಳ ಸ್ವಚ್ಛಗೊಳಿಸುವ ದಿನ ನಿಮ್ಮ ಊರಿಗೆ ಬಂದು ಬುಟ್ಟಿ ಹೊರಲು ನಮ್ಮ ಸಂಘದ ಹೆಣ್ಣುಮಕ್ಕಳು ಸಿದ್ಧರಿದ್ದಾರೆ. ಅಂತಹ ಸಭೆಗಳಲ್ಲಿ ಹೆಣ್ಣುಮಕ್ಕಳಿಗೆ ಕುರ್ಚಿ ಹಾಕುವುದನ್ನೂ ಮರೆಯಬೇಡಿ. ಹಳ್ಳದ ನೀರಿಗೆ ಕೈ ಹಾಕುವವರು, ಗದ್ದೆಯ ಕೆಸರಿನಲ್ಲಿ ನಿಲ್ಲುವವರು ನಾವೇ.

ಉತ್ತರ: ನಿವೃತ್ತ ನೀರಾವರಿ ಎಂಜಿನಿಯರ್

ತಂಗಿಯವರು ಬರೆದದ್ದಕ್ಕೆ ನಾನು ಸೇರಿಸುವುದು ಇಷ್ಟೇ: ಆ ಸಭೆಯ ನಡಾವಳಿಯ ಒಂದು ಪ್ರತಿಯನ್ನು ಮುನಿರಾಬಾದಿನ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಗೂ ಉಪವಿಭಾಗದ ಎಂಜಿನಿಯರಿಗೂ ಕಳಿಸಿ ಸ್ವೀಕೃತಿ ಪಡೆಯಿರಿ. ಊರುಗಳು ತಾವೇ ಬರೆದುಕೊಂಡ ವಾರಾಬಂದಿಯನ್ನು ತಳ್ಳಿಹಾಕುವುದು ಅಧಿಕಾರಿಗಳಿಗೆ ಸುಲಭವಲ್ಲ.

ಹೂಳಿನ ವಿಷಯದಲ್ಲಿ ಅವಸರ ಬೇಡ. ಕೆರೆಯ ಗೋಡು ಹೊಲಕ್ಕೆ ಒಳ್ಳೆಯದೆಂಬ ನಂಬಿಕೆ ಮಳೆನೀರಿನ ಕೆರೆಗಳಿಗೆ ಸರಿ. ನೀವೇ ಬರೆದಿರುವಂತೆ ದಂಡೆಯ ಮೇಲೆ ಬಿಳಿ ಉಪ್ಪು ಕಾಣುವ ಬಸಿಹಳ್ಳದ ಹೂಳಿನಲ್ಲಿ ಲವಣಾಂಶ ಹೆಚ್ಚಿರಬಹುದು, ಅದನ್ನು ಒಳ್ಳೆಯ ಹೊಲಕ್ಕೆ ಹರಡಿದರೆ ಹೊಲವೂ ಸವಳಾಗುತ್ತದೆ. ಹಳ್ಳದ ನಾಲ್ಕಾರು ಕಡೆಯಿಂದ, ಮೇಲ್ಪದರ ಮತ್ತು ಕೆಳಪದರದ ಮಣ್ಣನ್ನು ಬೇರೆಬೇರೆಯಾಗಿ ಚೀಲಗಳಲ್ಲಿ ತುಂಬಿ, ಜಾಗದ ಗುರುತು ಬರೆದು ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆಗೆ ಕೊಡಿ. ಸವಳು ಜವಳು ಭೂಮಿಯ ಸಂಶೋಧನೆ ಬಹಳ ಕಾಲದಿಂದ ನಡೆದಿರುವುದು ಗಂಗಾವತಿಯಲ್ಲೇ ಆದ್ದರಿಂದ, ತಗ್ಗಿನ ಹೊಲಗಳಿಗೆ ನೆಲದಡಿ ಬಸಿಗಾಲುವೆ ಹಾಕಿಸುವ ಬಗ್ಗೆಯೂ ಅಲ್ಲಿಯ ವಿಜ್ಞಾನಿಗಳನ್ನು ಕೇಳಬಹುದು. ಉಪ್ಪಿನಂಶ ಹೆಚ್ಚೆಂದು ಬಂದರೆ ಹೂಳನ್ನು ದಂಡೆಯ ಏರಿಗೋ ರಸ್ತೆಯ ಬದಿಗೋ ಬಳಸಿ. ಬೇಸಿಗೆ ಬೆಳೆಯ ಕೊಯ್ಲು ಮುಗಿದು, ಕಾಲುವೆ ನಿಂತು, ಬಸಿನೀರು ಇಳಿಯುವುದು ಏಪ್ರಿಲ್ ಮೇ ಹೊತ್ತಿಗೆ. ಅಳತೆ, ಠರಾವು, ಮಣ್ಣಿನ ವರದಿ ಈ ಮೂರೂ ಅಷ್ಟರೊಳಗೆ ಕೈಯಲ್ಲಿದ್ದರೆ ಮೃಗಶಿರಾ ಮಳೆ ಹಿಡಿಯುವ ಮೊದಲು ಯಂತ್ರದ ಕೆಲಸ ಮುಗಿಸಿಕೊಳ್ಳಬಹುದು.